ಯಾವ ಕೊಂಬೆಗೆ ಕಸಿ ಕಟ್ಟೋದು?

"ಮುಕ್ತ ತಂತ್ರಾಂಶಕ್ಕೆ ನಾಲ್ಕು ಸಾಲು ಕೋಡ್ ಬರೆದುಕೊಡೋ ಆಸೆ. ಆದ್ರೆ ಅಲ್ಲಿ ಹತ್ತಾರು ಬ್ರಾಂಚುಗಳಿವೆ, ಯಾವುದರ ಮೇಲೆ ಶುರು ಮಾಡ್ಲಿ?" ಈ ಪ್ರಶ್ನೆ ಆಗಾಗ ಕೇಳಿಬರುತ್ತೆ. ಪ್ರಶ್ನೆ ಚಿಕ್ಕದೇ. ಆದರೆ ಲಿನಕ್ಸ್ ಕರ್ನೆಲ್ ಬರೆಯುವವರಿಗೆ ಇದಕ್ಕೊಂದು ಒಳ್ಳೆ ಉತ್ತರ ಸಿಗೋಕೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯ್ತು. ನನಗೆ ಆ ಕತೆ ತುಂಬಾ ಇಷ್ಟ, ಅದಕ್ಕೇ ಇಲ್ಲಿ ಹೇಳ್ತಿದ್ದೀನಿ.

1994ರಲ್ಲಿ ಕರ್ನೆಲ್ 1.0 ಬಂತು. ಆಮೇಲಿನ ಲೆಕ್ಕ ಬಹಳ ಸುಲಭ: ಎರಡನೇ ಅಂಕಿ ಸಮಸಂಖ್ಯೆ ಆದ್ರೆ ಅದು ಬಳಸುವವರಿಗೆ, ಬೆಸ ಆದ್ರೆ ಪ್ರಯೋಗ ಮಾಡುವವರಿಗೆ. ಅಂದ್ರೆ 2.4 ಸ್ಥಿರ, 2.5 ಕಾರ್ಖಾನೆ. ಹೊಸ ಕೆಲಸವೆಲ್ಲ ಬೆಸದ ಮೇಲೆ.

ಕೇಳೋಕೆ ಚೆನ್ನಾಗಿದೆ ಅಲ್ವಾ? ತೊಂದರೆ ಶುರುವಾಗಿದ್ದೇ ಇಲ್ಲಿ. 2.4.0 ಬಂದಿದ್ದು 2001ರ ಜನವರಿಯಲ್ಲಿ, 2.6.0 ಬಂದಿದ್ದು 2003ರ ಡಿಸೆಂಬರಿನಲ್ಲಿ. ಹತ್ತಿರ ಹತ್ತಿರ ಮೂರು ವರ್ಷ! ಅಷ್ಟು ಕಾಲ ಗಿರಾಕಿಗಳು ಕಾಯ್ತಾರೆಯೇ? ರೆಡ್ ಹ್ಯಾಟ್, ಸೂಸೆಯಂಥ ಕಂಪನಿಗಳು 2.5ರಲ್ಲಿದ್ದ ಹೊಸ ಸೌಲಭ್ಯಗಳನ್ನು ಕಿತ್ತು ತಮ್ಮ ತಮ್ಮ 2.4ಕ್ಕೆ ಹೊಲಿದುಕೊಂಡವು. ಹೆಸರು ಒಂದೇ, ಒಳಗಿನ ಸರಕು ಬೇರೆ ಬೇರೆ. ಒಂದೇ ಕೆಲಸವನ್ನು ಎರಡು ಕಡೆ ಮಾಡಬೇಕಾದ ಪರಿಸ್ಥಿತಿ.

2004ರಲ್ಲಿ ಆಟಾವಾದಲ್ಲಿ ಸೇರಿದ ಕರ್ನೆಲ್ ಮಂದಿ ಗಟ್ಟಿ ಮನಸ್ಸು ಮಾಡಿದರು. 2.7 ಬೇಡ, 2.6ರಲ್ಲೇ ಮುಂದುವರಿಯೋಣ ಅಂತ. 2.7 ಹುಟ್ಟಲೇ ಇಲ್ಲ. 2005ರ ಮಾರ್ಚಿನಲ್ಲಿ ದೋಷ ತಿದ್ದುವುದಕ್ಕೆಂದೇ ಪ್ರತ್ಯೇಕ ಸ್ಟೇಬಲ್ ಸರಣಿ ಶುರುವಾಯ್ತು. ಏಪ್ರಿಲಿನಲ್ಲಿ ಬಿಟ್‌ಕೀಪರ್ ಕೈತಪ್ಪಿದಾಗ ಲೈನಸ್ ಟೋರ್ವಾಲ್ಡ್ಸ್ ಗಿಟ್ ಬರೆದರು. ಹೊಸದನ್ನು ಸೇರಿಸೋಕೆ ಎರಡು ವಾರ, ಆಮೇಲೆ ಬರೀ ತಿದ್ದುಪಡಿ ಅನ್ನೋ ಪದ್ಧತಿಯೂ ಆ ವರ್ಷವೇ ಗಟ್ಟಿಯಾಯ್ತು. ಈಗ ಒಂಬತ್ತು-ಹತ್ತು ವಾರಕ್ಕೊಂದು ಆವೃತ್ತಿ. ಈ ಸಲ ಬಸ್ಸು ತಪ್ಪಿದರೆ ಮುಂದಿನದು ಇದ್ದೇ ಇದೆ.

2008ರಲ್ಲಿ ಸ್ಟೀಫನ್ ರಾಥ್‌ವೆಲ್ 'ಲಿನಕ್ಸ್-ನೆಕ್ಸ್ಟ್' ಶುರು ಮಾಡಿದರು. ಎಲ್ಲ ವಿಭಾಗಗಳ ಮುಂದಿನ ಕೆಲಸವನ್ನು ಒಟ್ಟಿಗೆ ಸೇರಿಸಿ, ಎಲ್ಲಿ ಡಿಕ್ಕಿ ಹೊಡೆಯುತ್ತೆ ಅಂತ ನೋಡುವ ಜಾಗ ಅದು. ಎಲ್ಲಕ್ಕಿಂತ ಹೊಸದು ಇದೇ ತಾನೇ, ಇದರ ಮೇಲೇ ಬರೆಯೋಣ ಅನ್ನಿಸುತ್ತೆ. ಆದರೆ ಅದನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟುತ್ತಾರೆ, ಇವತ್ತಿದ್ದ ಬುಡ ನಾಳೆ ಇರೋದಿಲ್ಲ. ಅಲ್ಲಿ ಪರೀಕ್ಷೆ ಮಾಡಬಹುದು, ಮನೆ ಕಟ್ಟಬಾರದು.

ಹಾಗಾದ್ರೆ ಎಲ್ಲಿ? ಕರ್ನೆಲ್ ಜೊತೆಗೇ 'ಮೇಂಟೇನರ್ಸ್' ಅನ್ನೋ ಕಡತ ಇರುತ್ತೆ. ನೀವು ಕೈಹಾಕುವ ಭಾಗವನ್ನು ಯಾರು ನೋಡಿಕೊಳ್ತಾರೆ, ಅವರ ಗಿಟ್ ಮರ ಯಾವುದು ಅಂತ ಅದರಲ್ಲಿ ಹುಡುಕಿ, ಅದರ ಮೇಲೆ ಬರೆಯಿರಿ. ಅಲ್ಲಿ ಮರದ ಹೆಸರಿಲ್ಲವೇ? ಲೈನಸ್ ಮರದ ಇತ್ತೀಚಿನ ಆರ್‌ಸಿ ಸಾಕು. ಹಳೇ ಆವೃತ್ತಿಯ ದೋಷವಾದರೂ ತಿದ್ದುಪಡಿ ಮೊದಲು ಮುಖ್ಯ ಮರಕ್ಕೇ ಹೋಗಬೇಕು, ಅಲ್ಲಿಂದ ಸ್ಟೇಬಲ್‌ಗೆ. ಹಳೆಯದನ್ನು ಮಾತ್ರ ತಿದ್ದಿದರೆ, ಹೊಸ ಆವೃತ್ತಿ ಹಾಕಿಕೊಂಡ ಬಡಪಾಯಿಗೆ ವಾಸಿಯಾದ ರೋಗ ಮತ್ತೆ ಅಂಟಿಕೊಳ್ಳುತ್ತೆ ನೋಡಿ!

ನನಗನ್ನಿಸೋದು ಇಷ್ಟು: ಬ್ರಾಂಚ್ ಆರಿಸುವುದೆಂದರೆ ನಮ್ಮ ಕೆಲಸ ಯಾರ ಕೈ ಸೇರಬೇಕು, ಯಾವಾಗ ಸೇರಬೇಕು ಅಂತ ತೀರ್ಮಾನಿಸೋದು. ನೀವು ಯಾವುದಾದರೂ ಯೋಜನೆಗೆ ಕೋಡ್ ಕೊಡೋ ಹುಮ್ಮಸ್ಸಿನಲ್ಲಿದ್ದರೆ, ಬರೆಯೋಕೆ ಮುಂಚೆ ಹತ್ತು ನಿಮಿಷ ಇದಕ್ಕೆ ಕೊಡಿ.