ಬೀಜಿಂಗಿನ ಚೀನೀ ವೈದ್ಯ ವಿಶ್ವವಿದ್ಯಾಲಯ

ಒಂದು ಪರೀಕ್ಷೆಯ ಸಂಗತಿಯಿಂದ ಆರಂಭಿಸುತ್ತೇನೆ. ಉಪಾಧ್ಯಾಯನಾದವನಿಗೆ ಮೊದಲು ತೋಚುವುದು ಅದೇ ಅಲ್ಲವೆ? ಕ್ರಿ. ಶ. 1027ರಲ್ಲಿ ಚೀನ ದೇಶದ ಸುಂಗ್ ಚಕ್ರವರ್ತಿಯ ಆಜ್ಞೆಯಂತೆ ಎರಡು ಕಂಚಿನ ಪುರುಷವಿಗ್ರಹಗಳನ್ನು ಎರಕ ಹೊಯ್ಯಿಸಿದರು. ಆಳೆತ್ತರದ ವಿಗ್ರಹ, ಒಳಗೆ ಟೊಳ್ಳು, ಮೈಮೇಲೆಲ್ಲ ಸೂಜಿಚಿಕಿತ್ಸೆಯ ಸ್ಥಾನಗಳಲ್ಲಿ ಸಣ್ಣ ಸಣ್ಣ ರಂಧ್ರಗಳು. ಪರೀಕ್ಷೆಯ ದಿನ ಆ ರಂಧ್ರಗಳನ್ನು ಮೇಣದಿಂದ ಮುಚ್ಚಿ, ಒಳಗೆ ನೀರು ತುಂಬಿ, ವಿದ್ಯಾರ್ಥಿಯ ಕೈಗೆ ಸೂಜಿ ಕೊಡುತ್ತಿದ್ದರಂತೆ. ಸರಿಯಾದ ಸ್ಥಾನಕ್ಕೆ ಚುಚ್ಚಿದರೆ ನೀರು ಜಿನುಗಬೇಕು. ಜಿನುಗದಿದ್ದರೆ ಅವನು ನಪಾಸು. ಪ್ರಶ್ನೆಪತ್ರಿಕೆಯಿಲ್ಲ, ಮರುಮೌಲ್ಯಮಾಪನವಿಲ್ಲ, ತಕರಾರಿಗೆ ಎಡೆಯೇ ಇಲ್ಲ.

ಇಷ್ಟು ಹಿಂದೆಯೇ ರಾಜಾಶ್ರಯದಲ್ಲಿ ವೈದ್ಯವನ್ನು ಕಲಿಸಿದ ದೇಶದಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ, ಅದೇ ವೈದ್ಯವನ್ನು ಕಲಿಸುವ ಸ್ಥಳಕ್ಕೆ ‘ಶಾಲೆ’ ಎಂಬ ಹೆಸರೂ ಇರಕೂಡದೆಂದು ಸರ್ಕಾರವೇ ಆಜ್ಞೆ ಮಾಡಿತೆಂದರೆ ವಾಚಕರು ನಂಬುವಿರೊ ಇಲ್ಲವೊ. ಆದರೆ ಹಾಗೆ ನಡೆದುದುಂಟು. ಇಂದು ಬೀಜಿಂಗ್ ನಗರದಲ್ಲಿರುವ (ನಾವು ಹುಡುಗರಾಗಿದ್ದಾಗ ಭೂಪಟದಲ್ಲಿ ಪೀಕಿಂಗ್ ಎಂದು ಓದುತ್ತಿದ್ದ ಊರು) ಚೀನೀ ವೈದ್ಯ ವಿಶ್ವವಿದ್ಯಾಲಯದ ಚರಿತ್ರೆಯನ್ನು ತಿಳಿಯಬೇಕಾದರೆ ಈ ಹೆಸರಿನ ಕಥೆಯಿಂದಲೇ ಬರಬೇಕು.

ಅರಮನೆಯ ಪಾಠಶಾಲೆಯೇನೋ ಸರಿ. ಆದರೆ ಊರೂರಿನ ವೈದ್ಯರು ತಯಾರಾಗುತ್ತಿದ್ದುದು ಅಲ್ಲಿ ಅಲ್ಲ, ಗುರುವಿನ ಮನೆಯಲ್ಲಿ. ಶಿಷ್ಯನು ಮೊದಲು ಪುಸ್ತಕವನ್ನು ಬಾಯಿಪಾಠ ಮಾಡಬೇಕು. ಆಮೇಲೆ ಗುರುವಿನ ಪಕ್ಕದಲ್ಲಿ ಕುಳಿತು ಅವನು ಹೇಳಿದ ಔಷಧಿಯ ಚೀಟಿಯನ್ನು ಬರೆಯಬೇಕು. ಹೀಗೆ ವರ್ಷಗಟ್ಟಲೆ ಕಳೆದ ಮೇಲೆಯೇ ರೋಗಿಯ ನಾಡಿಯ ಮೇಲೆ ಬೆರಳಿಡುವ ಅಧಿಕಾರ. ಬಾಯಿಪಾಠಕ್ಕೆ ಅನುಕೂಲವಾಗಲೆಂದು ಔಷಧಯೋಗಗಳನ್ನೆಲ್ಲ ಪ್ರಾಸಬದ್ಧ ಪದ್ಯಗಳಲ್ಲಿ ಹೊಸೆದಿಟ್ಟಿದ್ದರು. ನಮ್ಮ ಮಂಗರಾಜನೂ ವಿಷವೈದ್ಯವನ್ನು ‘ಖಗೇಂದ್ರಮಣಿದರ್ಪಣ’ದಲ್ಲಿ ಪದ್ಯವಾಗಿಯೇ ಹೇಳಿದನಷ್ಟೆ.

ಮೂಲಗ್ರಂಥಗಳಲ್ಲಿ ಅಗ್ರಸ್ಥಾನ ‘ಹುವಾಂಗ್‌ದಿ ನೇಜಿಂಗ್’ ಎಂಬುದಕ್ಕೆ. ಪೀತ ಚಕ್ರವರ್ತಿಯ ಅಂತರಂಗ ಶಾಸ್ತ್ರ ಎಂದು ಇದನ್ನು ಕನ್ನಡಿಸಬಹುದು. ಈಗಿನ ರೂಪದಲ್ಲಿ ಎರಡು ಭಾಗ, ಒಂದೊಂದರಲ್ಲಿಯೂ 81 ಅಧ್ಯಾಯ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನದು. ಚಕ್ರವರ್ತಿ ಕೇಳುವುದು, ಆಸ್ಥಾನ ವೈದ್ಯನಾದ ಚಿ ಬೋ ಉತ್ತರ ಹೇಳುವುದು; ಜನಮೇಜಯ-ವೈಶಂಪಾಯನರ ಸಂವಾದದ ನೆನಪಾಗದಿರದು. ಇನ್ನೊಂದು, ಕ್ರಿ. ಶ. 200ರ ಸುಮಾರಿನಲ್ಲಿ ಜಾಂಗ್ ಜೊಂಗ್‌ಜಿಂಗ್ ಎಂಬಾತನು ಜ್ವರಗಳನ್ನು ಕುರಿತು ಬರೆದ ಗ್ರಂಥ. ತನ್ನ ವಂಶದಲ್ಲಿ ಇನ್ನೂರಕ್ಕೂ ಮಿಕ್ಕಿ ಜನರಿದ್ದರೆಂದೂ, ಹತ್ತು ವರ್ಷ ತುಂಬುವುದರೊಳಗಾಗಿ ಮೂರರಲ್ಲಿ ಎರಡು ಪಾಲು ಸತ್ತರೆಂದೂ, ಅವರಲ್ಲಿ ಹತ್ತಕ್ಕೆ ಏಳು ಮಂದಿ ಜ್ವರದಿಂದಲೇ ಹೋದರೆಂದೂ ಅವನು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಶಾಸ್ತ್ರಗ್ರಂಥದ ಮುನ್ನುಡಿ ಓದಿ ಕಣ್ಣು ತೇವವಾಗುವುದು ಅಪರೂಪ.

1912ರಲ್ಲಿ ಅರಸೊತ್ತಿಗೆ ಅಳಿದು ಗಣರಾಜ್ಯವಾಯಿತು. ಹೊಸ ವಿದ್ಯಾಭ್ಯಾಸ ಪದ್ಧತಿಯನ್ನು ರಚಿಸಿದವರು ವೈದ್ಯಶಿಕ್ಷಣದ ಪಟ್ಟಿಯಲ್ಲಿ ಪಾಶ್ಚಾತ್ಯ ವೈದ್ಯವನ್ನು ಮಾತ್ರ ಸೇರಿಸಿ, ಸ್ವದೇಶದ್ದನ್ನು ಕೈಬಿಟ್ಟರು. ಆಗ ಎಚ್ಚತ್ತವರಲ್ಲಿ ಒಬ್ಬನು ಷಾಂಘೈ ನಗರದ ಪ್ರಸಿದ್ಧ ವೈದ್ಯ ದಿಂಗ್ ಗಾನ್‌ರೆನ್. ಗುರುವಿನ ಮನೆಯ ಪಾಠವನ್ನು ತರಗತಿಗೆ ತಾರದಿದ್ದರೆ ಈ ವಿದ್ಯೆ ಉಳಿಯದೆಂದು ಬಗೆದು, 1917ರಲ್ಲಿ ಅವನು ಚೀನೀ ವೈದ್ಯದ ಶಾಲೆಯೊಂದನ್ನು ತೆರೆದನು. ಆ ಶಾಲೆಯಿಂದ ಹೊರಬಂದವರಲ್ಲಿ ಚಿನ್ ಬೋವೇ ಎಂಬ ಹುಡುಗನ ಹೆಸರನ್ನು ವಾಚಕರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. 1901ರಲ್ಲಿ ಹುಟ್ಟಿದವನು. ಮುಂದೆ ಅವನು ನೇಜಿಂಗ್ ಪಾಠ ಹೇಳುವ ಸೊಗಸನ್ನು ಕಂಡು ಜನ ಅವನನ್ನು ‘ಚಿನ್ ನೇಜಿಂಗ್’ ಎಂದೇ ಕರೆದರು. ಉಪಾಧ್ಯಾಯನಿಗೆ ಇದಕ್ಕಿಂತ ದೊಡ್ಡ ಬಿರುದು ಯಾವುದಿದ್ದೀತು!

1929ರ ಫೆಬ್ರವರಿಯಲ್ಲಿ ನಾನ್‌ಜಿಂಗ್ ಸರ್ಕಾರದ ಆರೋಗ್ಯ ಸಮಿತಿಯು ಹಳೆಯ ವೈದ್ಯವನ್ನು ರದ್ದುಪಡಿಸುವ ನಿರ್ಣಯವನ್ನು ಅಂಗೀಕರಿಸಿತು. ಅದರ ಕರ್ತೃ ಯು ಯುನ್‌ಶಿಯು, ಜಪಾನಿನಲ್ಲಿ ವೈದ್ಯ ಓದಿ ಬಂದವನು. ಅವನನ್ನು ಸ್ವದೇಶದ್ರೋಹಿಯೆಂದು ಬಗೆಯುವುದು ಅನ್ಯಾಯ. ನೇಜಿಂಗ್ ಗ್ರಂಥವನ್ನು ಅವನು ಸಾಲು ಸಾಲಾಗಿ ಓದಿಯೇ ಖಂಡಿಸಿದ್ದನು. ಕಾಲರಾ ಪ್ಲೇಗುಗಳ ಕಾಲದಲ್ಲಿ ಕ್ರಿಮಿಯೆಂದರೇನೆಂದು ಅರಿಯದ ವೈದ್ಯರ ಕೈಗೆ ಜನರ ಪ್ರಾಣವನ್ನು ಒಪ್ಪಿಸಬಹುದೆ ಎಂಬುದು ಅವನಂಥವರ ಪ್ರಶ್ನೆ. ಸುಳ್ಳು ಪ್ರಶ್ನೆಯಲ್ಲ. ಆದರೆ ಅವನು ಸೂಚಿಸಿದ ಉಪಾಯ ಮಾತ್ರ ಕಠಿನವಾದುದು. ಈಗಿರುವ ವೈದ್ಯರು ನೋಂದಣಿ ಮಾಡಿಸಿಕೊಂಡು ವೃತ್ತಿ ನಡೆಸಲಿ, ಹೊಸಬರನ್ನು ತಯಾರಿಸುವ ಶಾಲೆಗಳು ಮಾತ್ರ ಕೂಡದು. ಮರವನ್ನು ಕಡಿಯುವುದು ಬೇಡ, ಬೀಜ ಬೀಳದಂತೆ ನೋಡಿಕೊಂಡರೆ ಸಾಕು!

ವೈದ್ಯರು ಸುಮ್ಮನಿರಲಿಲ್ಲ. ಮಾರ್ಚಿ 17ರಂದು ಹಲವು ಪ್ರಾಂತಗಳ ಪ್ರತಿನಿಧಿಗಳು ಷಾಂಘೈನ ವರ್ತಕರ ಸಂಘದ ಸಭಾಂಗಣದಲ್ಲಿ ನೆರೆದರು. ಔಷಧಿ ಅಂಗಡಿಯವರೂ ಜೊತೆಗೂಡಿದರು. ಅವರ ಹೊಟ್ಟೆಪಾಡೂ ಇದರಲ್ಲಿತ್ತು. ನಿಯೋಗವೊಂದು ನಾನ್‌ಜಿಂಗಿಗೆ ಹೋಗಿ ಮಂತ್ರಿಗಳನ್ನು ಕಂಡಿತು. ನಿರ್ಣಯ ಕಾರ್ಯಕ್ಕೆ ಬರಲಿಲ್ಲ. ಆದರೆ ಅದೇ ವಸಂತದಲ್ಲಿ ವಿದ್ಯಾ ಇಲಾಖೆಯಿಂದ ಆಜ್ಞೆಯೊಂದು ಹೊರಟಿತು: ಚೀನೀ ವೈದ್ಯವನ್ನು ಹೇಳಿಕೊಡುವ ಸಂಸ್ಥೆಗಳು ಇನ್ನು ಮುಂದೆ ತಮ್ಮನ್ನು ಶಾಲೆಗಳೆಂದು ಕರೆದುಕೊಳ್ಳಕೂಡದು, ‘ಅಭ್ಯಾಸಸ್ಥಾನ’ ಎನ್ನಬೇಕು. ಮೇಲುನೋಟಕ್ಕೆ ಒಂದು ಶಬ್ದದ ವ್ಯತ್ಯಾಸ. ಆದರೆ ಶಾಲೆಯಲ್ಲದ ಸ್ಥಳದ ಪ್ರಮಾಣಪತ್ರಕ್ಕೆ ಬೆಲೆಯುಂಟೆ? ಬೆಲೆಯಿಲ್ಲದ ಕಡೆಗೆ ಮಕ್ಕಳನ್ನು ಕಳುಹಿಸುವ ತಂದೆಯುಂಟೆ? ಶಬ್ದಗಳನ್ನು ಬಲ್ಲ ಯಾವನೋ ಗುಮಾಸ್ತನೇ ಆ ಆಜ್ಞೆಯನ್ನು ಬರೆದಿರಬೇಕೆಂದು ನನಗೆ ತೋರುತ್ತದೆ.

1949ರಲ್ಲಿ ಕಮ್ಯೂನಿಸ್ಟರ ಆಡಳಿತ ಬಂದಾಗಲೂ ಒಡನೆ ಕಾಲ ಬದಲಾಗಲಿಲ್ಲ. ಹಳೆಯ ವೈದ್ಯರನ್ನು ಹೊಸ ವೈದ್ಯದ ತರಗತಿಗಳಲ್ಲಿ ಕೂರಿಸಿ ತಿದ್ದಬೇಕೆಂಬುದು ಮೊದಲ ಆರೋಗ್ಯಾಧಿಕಾರಿಗಳ ಅಭಿಪ್ರಾಯವಾಗಿತ್ತು. ಆದರೆ ದೇಶದಲ್ಲಿ ಪಾಶ್ಚಾತ್ಯ ರೀತಿಯ ವೈದ್ಯರು ಬಹಳ ಕಡಮೆ, ಅವರೂ ಬಹುಮಟ್ಟಿಗೆ ಪಟ್ಟಣಗಳಲ್ಲಿ. ಹಳ್ಳಿಗಳಲ್ಲಿದ್ದ ಹಳೆಯ ವೈದ್ಯರೋ ಲಕ್ಷಗಟ್ಟಲೆ. ಅಗತ್ಯವೆಂಬುದು ಸಿದ್ಧಾಂತಕ್ಕಿಂತ ದೊಡ್ಡದು. 1954ರಿಂದ ನೀತಿ ತಿರುಗಿತು. 1955ರ ಡಿಸೆಂಬರಿನಲ್ಲಿ ಬೀಜಿಂಗಿನಲ್ಲಿ ಚೀನೀ ವೈದ್ಯದ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. 1956ರಲ್ಲಿ ಬೀಜಿಂಗ್, ಷಾಂಘೈ, ಗ್ವಾಂಗ್‌ಜೋ, ಚೆಂಗ್ದು ಈ ನಾಲ್ಕು ನಗರಗಳಲ್ಲಿ ನಾಲ್ಕು ಕಾಲೇಜುಗಳು ತೆರೆದವು. ಶಾಲೆಯೆಂಬ ಹೆಸರನ್ನು ಕಳೆದುಕೊಂಡಿದ್ದ ವಿದ್ಯೆ ಇಪ್ಪತ್ತೇಳು ವರ್ಷಗಳ ಮೇಲೆ ಸರ್ಕಾರಿ ಕಾಲೇಜಾಯಿತು. ದಿಂಗ್ ಗಾನ್‌ರೆನ್ ಅದನ್ನು ಕಾಣಲಿಲ್ಲ, 1926ರಲ್ಲಿಯೇ ಕಾಲವಾಗಿದ್ದನು. ಆದರೆ ಷಾಂಘೈ ಕಾಲೇಜಿನ ಮೊದಲ ಅಧ್ಯಕ್ಷ ಚೆಂಗ್ ಮೆನ್‌ಶುವೆ ಅವನ ಶಾಲೆಯಲ್ಲಿ ಓದಿದವನೇ. ಚಿನ್ ಬೋವೇ ಬೀಜಿಂಗಿಗೆ ಬಂದು ಆರೋಗ್ಯ ಇಲಾಖೆಯ ಸಲಹೆಗಾರನೂ ಕಾಲೇಜಿನ ಉಪಾಧ್ಯಾಯನೂ ಆದನು.

ಬೀಜಿಂಗ್ ಕಾಲೇಜಿಗೆ ಮೊದಲು ಬಂದ ತೊಂದರೆ ಅಧ್ಯಾಪಕರದು. ಮುಂದಿನ ವರ್ಷ ನಾನ್‌ಜಿಂಗಿನ ವೈದ್ಯಶಾಲೆಯಿಂದ ಅನೇಕ ಉಪಾಧ್ಯಾಯರನ್ನು ಕರೆತಂದರು. ಅದಕ್ಕಿಂತ ದೊಡ್ಡ ತೊಡಕು ಪಾಠದ್ದು. ಗುರುಗಳು ಹತ್ತು ಜನರಾದರೆ ಸಂಪ್ರದಾಯಗಳೂ ಹತ್ತು. ಒಬ್ಬನು ಉಷ್ಣವೆಂದುದನ್ನು ಇನ್ನೊಬ್ಬನು ಶೀತವೆನ್ನುವನು. ತರಗತಿಯಲ್ಲಿ ನೂರು ಜನರಿಗೆ ಒಟ್ಟಿಗೆ ಪಾಠ ಹೇಳಬೇಕಾದರೆ ಎಲ್ಲರೂ ಒಪ್ಪುವ ಪುಸ್ತಕ ಬೇಕು. ಹೀಗೆ ಹಳೆಯ ಗ್ರಂಥಗಳನ್ನು ಬಿಡಿಸಿ, ಮೂಲತತ್ತ್ವ, ರೋಗಪರೀಕ್ಷೆ, ದ್ರವ್ಯಗುಣ, ಔಷಧಯೋಗ, ಸೂಜಿಚಿಕಿತ್ಸೆ ಎಂದು ವಿಷಯಗಳನ್ನು ವಿಂಗಡಿಸಿ, ಆಡುಮಾತಿಗೆ ಹತ್ತಿರವಾದ ಹೊಸ ಶೈಲಿಯಲ್ಲಿ ಪಠ್ಯಪುಸ್ತಕಗಳನ್ನು ಬರೆದರು. ದೇಶಕ್ಕೆಲ್ಲ ಒಂದೇ ಎನ್ನುವಂಥ ಮೊದಲ ಪಠ್ಯಮಾಲೆ ಹೊರಬಂದುದು 1960ರಲ್ಲಿ. ಜೊತೆಗೆ ಅಂಗರಚನಾಶಾಸ್ತ್ರವೇ ಮೊದಲಾದ ಪಾಶ್ಚಾತ್ಯ ವಿಷಯಗಳೂ ಇದ್ದವು. 1958ರಲ್ಲಿ ಕಾಲೇಜಿಗೆ ಸೇರಿದಂತೆ ದೊಂಗ್‌ಜಿಮೆನ್ ಆಸ್ಪತ್ರೆಯೂ ಆಯಿತು.

1962ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳು ಓದು ಮುಗಿಸಿ ಹೊರಬರುವ ವೇಳೆಗೆ ಐವರು ಹಿರಿಯ ಅಧ್ಯಾಪಕರು ಕೂಡಿ ಆರೋಗ್ಯ ಇಲಾಖೆಗೆ ಒಂದು ಪತ್ರ ಬರೆದರು. ಚೀನೀ ವೈದ್ಯರು ಇಂದಿಗೂ ಅದನ್ನು ‘ಐವರು ಹಿರಿಯರ ಬಿನ್ನಹ’ ಎನ್ನುತ್ತಾರೆ. ಚಿನ್ ಬೋವೇ ಅವರಲ್ಲಿ ಒಬ್ಬ. ರೆನ್ ಯಿಂಗ್‌ಚಿಯು ಎಂಬ ವಿದ್ವಾಂಸ ಮತ್ತೊಬ್ಬ. ಪತ್ರದ ಸಾರವಿಷ್ಟು: ನಮ್ಮ ಹುಡುಗರು ರೋಗ ನೋಡಬಲ್ಲರು, ಔಷಧಿಯನ್ನೂ ಬರೆಯಬಲ್ಲರು. ಆದರೆ ಮೂಲಗ್ರಂಥವನ್ನು ಸ್ವತಂತ್ರವಾಗಿ ಓದಲಾರರು. ಪುಸ್ತಕದ ಭಾಷೆಯೇ ಅವರಿಗೆ ತಿಳಿಯದು. ಆದುದರಿಂದ ಪ್ರಾಚೀನ ಭಾಷೆಯ ಪಾಠಕ್ಕೂ ಮೂಲಗ್ರಂಥಗಳ ಅಧ್ಯಯನಕ್ಕೂ ಹೆಚ್ಚು ಕಾಲ ಕೊಡಬೇಕು; ಮುಖ್ಯ ಭಾಗಗಳನ್ನು ಬಾಯಿಪಾಠ ಮಾಡಿಸಬೇಕು.

ಇದನ್ನು ಓದಿದಾಗ ನಾನು ಪುಸ್ತಕವನ್ನು ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯವನ್ನು ಕರಿಹಲಗೆಯ ಮೇಲೆ ಬರೆದು ಅನ್ವಯ ಮಾಡುವಾಗ, ಹುಡುಗರು ಮುಖ ಮುಖ ನೋಡಿಕೊಳ್ಳುವುದನ್ನು ನಾನು ವರ್ಷ ವರ್ಷವೂ ಕಾಣುತ್ತೇನೆ. ‘ಸಾರ್, ಗೈಡಿನಲ್ಲಿ ಸಾರಾಂಶ ಇದೆಯಲ್ಲ’ ಎಂದು ಕೇಳಿದವರುಂಟು. ಹುಡುಗರದೇ ತಪ್ಪೆನ್ನಲಾರೆ. ಬೀಜಿಂಗಿನ ಆ ವಿದ್ಯಾರ್ಥಿಗಳ ತಪ್ಪೂ ಅಲ್ಲ. 1920ರಿಂದೀಚೆಗೆ ಚೀನದ ಶಾಲೆಗಳಲ್ಲಿ ಗ್ರಾಂಥಿಕ ಭಾಷೆ ಹಿಂದೆ ಸರಿದು ಆಡುನುಡಿ ಮುಂದೆ ಬಂದಿತ್ತು. ಕೋಟಿಗಟ್ಟಲೆ ಜನ ಅಕ್ಷರ ಕಲಿಯಲು ಅದು ಬೇಕೇ ಆಗಿತ್ತು. ಕಾಲೇಜು ತೆರೆದ ಆ 1956ರಲ್ಲಿಯೇ, ಜನವರಿಯಲ್ಲಿ, ಸರ್ಕಾರವು ಲಿಪಿಯ ಅಕ್ಷರಗಳನ್ನು ಸರಳಗೊಳಿಸುವ ಯೋಜನೆಯನ್ನು ಸಾರಿತು. ಒಂದು ಕೈ ಹಳೆಯ ವಿದ್ಯೆಗೆ ಬಾಗಿಲು ತೆರೆಯಿತು, ಇನ್ನೊಂದು ಕೈ ಆ ವಿದ್ಯೆಯಿದ್ದ ಪುಸ್ತಕಗಳನ್ನು ಓದುಗರಿಂದ ಒಂದು ಮಾರು ದೂರ ಸರಿಸಿತು. ಎರಡೂ ಒಳ್ಳೆಯ ಉದ್ದೇಶದಿಂದಲೇ ಆದುವು.

ಐವರು ಹಿರಿಯರಿಗೆ ಕಾಲ ಅನುಕೂಲವಾಗಿರಲಿಲ್ಲ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯೆಂಬ ಬಿರುಗಾಳಿ ಎದ್ದಿತು. ಹಳೆಯದನ್ನು ಓದಬೇಕೆಂದವರಿಗೆ ಆಗ ಮರ್ಯಾದೆಯಿದ್ದೀತೆ? ಅವರೂ ದೂಷಣೆಗೆ ಗುರಿಯಾದರು. ‘ಚಿನ್ ನೇಜಿಂಗ್’ 1970ರಲ್ಲಿ ತೀರಿಕೊಂಡನು. ಕಾಲೇಜು ಕೆಲವು ವರ್ಷ ತನ್ನ ಸ್ವತಂತ್ರ ಅಸ್ತಿತ್ವವನ್ನೇ ಕಳೆದುಕೊಂಡು ಸಂಶೋಧನ ಸಂಸ್ಥೆಯಲ್ಲಿ ವಿಲೀನವಾಗಿತ್ತು. ರೆನ್ ಯಿಂಗ್‌ಚಿಯು ಮಾತ್ರ ಬದುಕುಳಿದು, ಗಾಳಿ ತಗ್ಗಿದ ಮೇಲೆ ಮತ್ತೆ ಪಾಠ ಹೇಳಿ, 1984ರಲ್ಲಿ ಕಾಲವಾದನು.

ಹಳೆಯ ಪುಸ್ತಕವನ್ನು ಓದಬಲ್ಲವರಿಂದ ಏನು ಪ್ರಯೋಜನ ಎಂಬುದಕ್ಕೆ ಉತ್ತರ ಆ ಬಿರುಗಾಳಿಯ ನಡುವೆಯೇ, ಬೀಜಿಂಗಿನ ಆ ಸಂಶೋಧನ ಸಂಸ್ಥೆಯಲ್ಲಿ ದೊರೆಯಿತು. ತು ಯೂಯೂ ಎಂಬಾಕೆ ಹೊಸ ಔಷಧಶಾಸ್ತ್ರವನ್ನು ಓದಿದವರು. 1959ರಿಂದ 1962ರವರೆಗೆ ಚೀನೀ ವೈದ್ಯದ ವಿಶೇಷ ತರಗತಿಯಲ್ಲಿಯೂ ಕುಳಿತವರು. 1969ರಲ್ಲಿ ಮಲೇರಿಯಾಕ್ಕೆ ಮದ್ದು ಹುಡುಕುವ ಕೆಲಸ ಅವರ ಪಾಲಿಗೆ ಬಂತು. ಹಳೆಯ ಗ್ರಂಥಗಳನ್ನು ಶೋಧಿಸಿ, ವೃದ್ಧ ವೈದ್ಯರನ್ನು ಕೇಳಿ, ಎರಡು ಸಾವಿರದಷ್ಟು ಯೋಗಗಳನ್ನು ಕಲೆಹಾಕಿ, ಅವುಗಳಿಂದ 640ನ್ನು ಆರಿಸಿ ಪುಸ್ತಿಕೆ ಮಾಡಿದರು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಗುಣ ತೋರುವುದು, ಇನ್ನೊಮ್ಮೆ ತೋರದು. ಆಗ ಆಕೆ ನಾಲ್ಕನೆಯ ಶತಮಾನದ ಗೆ ಹೊಂಗ್ ಎಂಬುವನ ಪುಸ್ತಕವನ್ನು ಮತ್ತೆ ತೆರೆದರು. ಆ ಗಿಡವನ್ನು ಒಂದು ಹಿಡಿ ತೆಗೆದುಕೊಂಡು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿಯಬೇಕೆಂದು ಅಲ್ಲಿತ್ತು. ಚೀನೀ ಕಷಾಯಗಳನ್ನು ಸಾಮಾನ್ಯವಾಗಿ ಕುದಿಸುತ್ತಾರೆ. ಇಲ್ಲಿ ಕುದಿಸುವ ಮಾತೇ ಇಲ್ಲ. ಕಾವು ತಗುಲಿ ಗುಣ ಕೆಡುತ್ತಿರಬಹುದೆ ಎಂದು ಅವರಿಗೆ ಹೊಳೆಯಿತು. ಕಡಮೆ ಉಷ್ಣದಲ್ಲಿ ಕುದಿಯುವ ಈಥರ್ ದ್ರವದಿಂದ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು ಆ ಸಾರ ಪ್ರಯೋಗದ ಪ್ರಾಣಿಗಳಲ್ಲಿ ಮಲೇರಿಯಾವನ್ನು ಪೂರ್ತಿಯಾಗಿ ಅಡಗಿಸಿತು. ಮನುಷ್ಯರಿಗೆ ಕೊಡುವ ಮೊದಲು, 1972ರಲ್ಲಿ, ಅವರು ತಾವೇ ಸೇವಿಸಿ ನೋಡಿದರು. ಆರ್ಟಿಮಿಸಿನಿನ್ ಎಂಬ ಆ ಮದ್ದಿಗಾಗಿ 2015ರಲ್ಲಿ ನೊಬೆಲ್ ಬಹುಮಾನ ಬಂತು.

ಇದನ್ನು ಕೇಳಿ ಹಳೆಯ ಪುಸ್ತಕದಲ್ಲಿರುವುದೆಲ್ಲ ಅಮೃತವೆಂದು ಯಾರೂ ತಿಳಿಯಬಾರದು. 640 ಯೋಗಗಳಲ್ಲಿ ಕೈಹಿಡಿದುದು ಒಂದು, ಅದೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದ ಮೇಲೆ. ಚೀನೀ ಮೂಲಿಕೆಯೆಂದು ನಂಬಿ ಮೈ ಕರಗಿಸಲು ಸೇವಿಸಿದ ಬೆಲ್ಜಿಯಂ ದೇಶದ ಹೆಂಗಸರ ಮೂತ್ರಪಿಂಡಗಳು ಕೆಟ್ಟುದನ್ನು 1993ರಲ್ಲಿ ವೈದ್ಯರು ವರದಿ ಮಾಡಿದರು. ಈಶ್ವರೀಬಳ್ಳಿಯ ಜಾತಿಯ ಗಿಡವೊಂದು ಅದಕ್ಕೆ ಕಾರಣವಾಗಿತ್ತು. ಯು ಯುನ್‌ಶಿಯು ಕೇಳಿದ ಪ್ರಶ್ನೆಗೆ ಇನ್ನೂ ಬೆಲೆಯಿದೆ.

ಅದೇ 1993ರಲ್ಲಿ ಬೀಜಿಂಗಿನ ಕಾಲೇಜು ವಿಶ್ವವಿದ್ಯಾಲಯವಾಯಿತು. 2000ದಲ್ಲಿ ನಗರದ ಸೂಜಿಚಿಕಿತ್ಸೆ ಮತ್ತು ಮೂಳೆವೈದ್ಯದ ಕಾಲೇಜೂ ಅದರೊಳಗೆ ಸೇರಿತು. ಹೊರದೇಶದ ವಿದ್ಯಾರ್ಥಿಗಳೂ ಅಲ್ಲಿಗೆ ಬಂದು ಓದುತ್ತಾರೆ. ವಿದ್ಯಾರ್ಥಿಗಳ ಪಠ್ಯಕ್ರಮದಲ್ಲಿ ಪ್ರಯೋಗಾಲಯದ ಪಾಠಗಳ ಜೊತೆಗೆ ‘ಯೀ ಗುವೆನ್’ ಎಂಬ ಒಂದು ವಿಷಯವುಂಟು. ವೈದ್ಯಗ್ರಂಥಗಳ ಹಳೆಯ ಭಾಷೆ ಎಂದು ಅದರ ಅರ್ಥ. ಹಳೆಯ ಅಕ್ಷರ, ವಿರಾಮಚಿಹ್ನೆಯಿಲ್ಲದ ವಾಕ್ಯ, ಎಲ್ಲಿ ನಿಲ್ಲಿಸಬೇಕೆಂದು ಓದುವವನೇ ನಿರ್ಧರಿಸಬೇಕು. ತಪ್ಪು ಸ್ಥಳದಲ್ಲಿ ನಿಲ್ಲಿಸಿದರೆ ಔಷಧಿಯೇ ಬೇರೆಯಾದೀತು. ಆ ತರಗತಿಯ ಮೇಷ್ಟರು ಯಾರೋ, ಅವರ ಹುಡುಗರೂ ಗೈಡು ಕೇಳುತ್ತಾರೊ ಏನೊ.