ಥೋರೋವಿನ ಚಳಿಗಾಲ

ಅಮೆರಿಕೆಯ ಕಾಂಕರ್ಡ್ ಎಂಬ ಊರಿನ ಬಳಿ, ವಾಲ್ಡನ್ ಕೊಳದ ದಡದಲ್ಲಿ, ಹೆನ್ರಿ ಡೇವಿಡ್ ಥೋರೋ 1845ರ ಜುಲೈ 4ರಂದು ತಾನೇ ಕಟ್ಟಿದ ಮರದ ಮನೆಯಲ್ಲಿ ವಾಸವನ್ನಾರಂಭಿಸಿದನು. ಅಗಲ 10 ಅಡಿ, ಉದ್ದ 15 ಅಡಿ. ಹಲಗೆಯ ಸಂದುಗಳಲ್ಲಿ ಗಾಳಿ ನುಗ್ಗುತ್ತಿದ್ದಿತು. ಬೇಸಗೆಯಲ್ಲಿ ಅದೇ ಸುಖ. ಚಳಿ ಸಮೀಪಿಸಿದಾಗಲಾದರೋ ಮನೆಯನ್ನು ತಿದ್ದಲೇಬೇಕಾಯಿತು. ಹಳೆಯ ಇಟ್ಟಿಗೆಗಳಿಗಂಟಿದ್ದ ಗಾರೆಯನ್ನು ಕೆತ್ತಿ ತೆಗೆದು ಹೊಗೆಗೂಡನ್ನು ಕಟ್ಟಿದನು. ಎದುರು ದಡದಿಂದ ದೋಣಿಯಲ್ಲಿ ಬಿಳಿಯ ಮರಳನ್ನು ತಂದು ಒಳಗೋಡೆಗಳಿಗೆ ಗಾರೆ ಮೆತ್ತಿದನು.

ಮನೆ ಬೆಚ್ಚಗಾಯಿತು; ಕೈ ಸುಮ್ಮನಿರಲಿಲ್ಲ. ಆ ಕೊಳಕ್ಕೆ ತಳವೇ ಇಲ್ಲವೆಂದು ಅನೇಕರು ನಂಬಿದ್ದರು. 1846ರ ಆದಿಯಲ್ಲಿ, ನೀರು ಹೆಪ್ಪುಗಟ್ಟಿದ್ದಾಗ, ಥೋರೋ ದಿಕ್ಸೂಚಿಯನ್ನೂ ಸರಪಣಿಯನ್ನೂ ಹಿಡಿದು ಮಂಜುಗಡ್ಡೆಯ ಮೇಲೆ ನಡೆದನು. ಮೀನು ಹಿಡಿಯುವ ಹುರಿಗೆ ಸುಮಾರು ಒಂದೂವರೆ ಪೌಂಡಿನ ಕಲ್ಲನ್ನು ಕಟ್ಟಿ, ನೂರಕ್ಕೂ ಮಿಕ್ಕಿದ ಸ್ಥಳಗಳಲ್ಲಿ ಆಳ ನೋಡಿದನು. ಕಲ್ಲು ತಳವನ್ನು ಬಿಟ್ಟೇಳುವ ಕ್ಷಣವನ್ನು ಕೈಯೇ ತಿಳಿಸುತ್ತಿದ್ದಿತು: ಅದರಡಿಗೆ ನೀರು ನುಗ್ಗುವವರೆಗೆ ಹೆಚ್ಚು ಬಲದಿಂದ ಎಳೆಯಬೇಕು. ನಮ್ಮ ವಿದ್ಯಾರ್ಥಿಗಳು ಕೆರೆಯಲ್ಲಿ ಇದನ್ನು ಪರೀಕ್ಷಿಸಬಹುದು, ದೊಡ್ಡವರು ಜೊತೆಗಿದ್ದರೆ.

ಅತ್ಯಂತ ಆಳವಾದಲ್ಲಿ 102 ಅಡಿ ದೊರೆಯಿತು. ನಕ್ಷೆ ಬರೆದು ನೋಡಿದರೆ, ಕೊಳದ ಅತ್ಯಧಿಕ ಉದ್ದದ ಗೆರೆಯೂ ಅತ್ಯಧಿಕ ಅಗಲದ ಗೆರೆಯೂ ಸಂಧಿಸುವುದು ಸರಿಯಾಗಿ ಅಲ್ಲಿಯೇ! ಅವನೂ ಬೆರಗಾದನು. ಆ ನಕ್ಷೆ 1854ರಲ್ಲಿ ‘ವಾಲ್ಡನ್’ ಗ್ರಂಥದೊಡನೆ ಅಚ್ಚಾಯಿತು.