ಸೋಲಿಗರ ಎಲ್ಲೆ

ಬಿಳಿಗಿರಿರಂಗನ ಬೆಟ್ಟದ ಕಾಡು ಸರ್ಕಾರದ ನಕ್ಷೆಗೆ ಸೇರುವ ಮೊದಲೇ ಅಲ್ಲಿನ ಆದಿವಾಸಿಗಳಾದ ಸೋಲಿಗರ ಕುಲಗಳ ನಡುವೆ ಹಂಚಿಹೋಗಿತ್ತು. ಒಂದೊಂದು ಕುಲದ ಪಾಲಿನ ನೆಲವೇ ಅದರ ‘ಎಲ್ಲೆ’. ಅದರೊಳಗೆ ದೇವರು, ಮಾರಮ್ಮ, ವೀರು ಎಂಬ ದೈವಗಳ ತಾಣಗಳು, ನೀರಿನ ಅಬ್ಬಿ, ಹಿರಿಯರ ನೆನಪಿನ ಕಲ್ಲುಗುಡಿ. ಇವುಗಳ ಪೂಜೆ, ಕಾವಲು ಆ ಕುಲದವರದೇ. ಜೇನು ಕಿತ್ತವರು ಹುಲಿಗೂ ಒಂದು ಪಾಲನ್ನು ನೆಲದ ಮೇಲೆ ಬಿಟ್ಟು ಬರುವುದು ವಾಡಿಕೆ. ಹುಲಿ ಮರ ಹತ್ತಿ ಜೇನು ಕೀಳಲಾರದಲ್ಲ!

1974ರಲ್ಲಿ ವನ್ಯಧಾಮ ಬಂತು. ಕಾಡಿನೊಳಗಿನ ಬೇಸಾಯ ನಿಂತಿತು, ಅನೇಕ ಕುಟುಂಬಗಳು ಹೊಸ ಪೋಡುಗಳಿಗೆ (ಹಾಡಿಗಳಿಗೆ) ಸರಿದವು. ಬೇಸಗೆಯ ಮೊದಲಿಗೆ ಒಣಗಿದೆಲೆಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ಗೂ ತಡೆ ಬಿತ್ತು. ಲಂಟಾನ ಕಳೆ ಕಾಡಿನಲ್ಲಿ ಈ ಪರಿ ಹಬ್ಬಿದ್ದು ಅದರಿಂದಲೇ ಎಂಬುದು ಸೋಲಿಗ ಹಿರಿಯರ ವಾದ, ತಳ್ಳಿಹಾಕುವಂಥದ್ದಲ್ಲ.

ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಅದರಡಿ ಹಕ್ಕು ಕೇಳಲು ಹಿರಿಯರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡು ಸುತ್ತಿ, ತಮ್ಮ ಪವಿತ್ರ ತಾಣಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ನಕ್ಷೆ ಮಾಡಿಸಿದರು. 2011ರ ಆರಂಭದಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳೂ ದೊರೆತವು: ಜೇನು, ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಲು, ಕಾಡನ್ನು ಕಾಯಲು.